ಚಾವಣಿಯ ಕಲೆ ಮತ್ತು ಪೆನ್ಸಿಲ್ ಗೆರೆ: ಸುಳಿವಿನಿಂದ ತೀರ್ಮಾನಕ್ಕೆ ಹೋಗುವ ಕ್ರಮ

ಜುಲೈ ತಿಂಗಳ ಒಂದು ಬೆಳಿಗ್ಗೆ ಮುಂಬೈ ಪಕ್ಕದ ಡೊಂಬಿವಿಲಿಯ ನಮ್ಮ ಮನೆಯಲ್ಲಿ, ಮಲಗುವ ಕೋಣೆಯ ಚಾವಣಿ ಹೊರಗೋಡೆಗೆ ಕೂಡುವ ಮೂಲೆಯಲ್ಲಿ, ಅಂಗೈಯಗಲದ ಒದ್ದೆ ಕಲೆ ಕಾಣಿಸಿತು. ಆ ಮೂಲೆಯ ನೇರ ಮೇಲೆ ಮೇಲಿನ ಮನೆಯವರ ಬಚ್ಚಲು. ಚಹಾ ಆರುವ ಮೊದಲೇ ನಾನು ಮೆಟ್ಟಿಲು ಹತ್ತಿ ಹೋಗಿ, "ಅಕ್ಕಾ, ನಿಮ್ಮ ಬಚ್ಚಲು ಸೋರ್ತಾ ಉಂಟು" ಎಂದೆ. ಆಕೆ ಕುಂದಾಪುರದ ಕಡೆಯವರು. ಸಿಟ್ಟು ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ನೀವ್ ಸೋರುದ್ ಕಂಡ್ರ್ಯಾ ಮಾಷ್ಟ್ರೇ?"

ನಾನು ಕಂಡದ್ದು ಕಲೆಯನ್ನು. ಸೋರುವುದನ್ನು ಕಂಡಿರಲಿಲ್ಲ. ಮುಂಬೈಯ ಫೋರ್ಟಿನಲ್ಲಿ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವನು ನಾನು. ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಬಂದ ಹುಡುಗರಿಗೆ ಕಂಡದ್ದು ಯಾವುದು, ಅದರಿಂದ ತೆಗೆದ ತೀರ್ಮಾನ ಯಾವುದು ಎಂದು ಬೇರ್ಪಡಿಸಿ ತೋರಿಸುತ್ತಿದ್ದೆ. ಅದೇ ಪಾಠವನ್ನು ಆ ಮಳೆಗಾಲದಲ್ಲಿ ನನ್ನ ಮನೆಯ ಚಾವಣಿಯ ಮೇಲೆ ಮೊದಲಿನಿಂದ ಮಾಡಬೇಕಾಯಿತು. ಆ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಸೋರುವ ಚಾವಣಿಗೆ, ಉಬ್ಬದ ಹಿಟ್ಟಿಗೆ, ಫೋನಿಗೆ ಬಂದ ಸುದ್ದಿಗೆ, ಪ್ರಯೋಗಾಲಯದ ಪ್ರಶ್ನೆಗೆ ಎಲ್ಲಕ್ಕೂ ಇದೇ ಕ್ರಮ ಸಾಕಾಗುತ್ತದೆ.

ಮೊದಲ ಹೆಜ್ಜೆ: ಕ್ರಿಯಾಪದದ ಬಾಲ ನೋಡಿ

ಈ ಕೆಲಸಕ್ಕೆ ಬೇಕಾದ ಹತಾರವನ್ನು ಕನ್ನಡ ತನ್ನ ವ್ಯಾಕರಣದಲ್ಲೇ ಇಟ್ಟುಕೊಂಡಿದೆ. ನೆನೆದು ಬಂದವನು "ಮಳೆ ಬಂತು" ಅನ್ನುತ್ತಾನೆ. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ನೋಡಿದವನು "ಮಳೆ ಬಂದಿರಬೇಕು" ಅನ್ನುತ್ತಾನೆ. ಫೋನಿನಲ್ಲಿ ಊರಿನವರು ಹೇಳಿದ್ದನ್ನು ಕೇಳಿದವನು "ಮಳೆ ಬಂತಂತೆ" ಅನ್ನುತ್ತಾನೆ. ಮಾತು ಮೂರೂ ಮಳೆಯದೇ. ಆದರೆ ಹೇಳುವವನಿಗೆ ಅದು ಹೇಗೆ ಗೊತ್ತಾಯಿತು ಎಂಬುದು ಕೊನೆಯ ಎರಡು ಮೂರು ಅಕ್ಷರಗಳಲ್ಲಿದೆ.

ಮಾತು ಒಬ್ಬರಿಂದ ಒಬ್ಬರಿಗೆ ದಾಟುವಾಗ ಮೊದಲು ಉದುರುವುದು ಈ ಬಾಲವೇ. "ಕಲ್ಯಾಣದ ಹತ್ತಿರ ಹಳಿಯ ಮೇಲೆ ನೀರು ನಿಂತಿದೆಯಂತೆ" ಎಂದು ಒಬ್ಬರು ಬರೆಯುತ್ತಾರೆ. ಎರಡನೆಯವರು "ನೀರು ನಿಂತಿದೆ" ಎಂದು ಮುಂದಕ್ಕೆ ಕಳಿಸುತ್ತಾರೆ. ಮೂರನೆಯವರ ಕೈಯಲ್ಲಿ ಅದು "ಲೋಕಲ್ ಎಲ್ಲ ಬಂದ್" ಆಗಿರುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ಒಂದು 'ಅಂತೆ' ಕಳೆದುಹೋಯಿತು, ಒಂದು 'ಇರಬಹುದು' ಕಳೆದುಹೋಯಿತು.

ಆದ್ದರಿಂದ ಒಂದು ನೋಟ್‌ಬುಕ್ ತೆಗೆದುಕೊಂಡು ಪುಟದ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಕ್ಕೆ ಕಂಡದ್ದು, ಬಲಕ್ಕೆ ಅದರಿಂದ ನೀವು ತೆಗೆದದ್ದು. ಎಡಬದಿಗೆ ಒಂದು ಪರೀಕ್ಷೆ ಇದೆ: ಅಲ್ಲಿ ಬರೆದದ್ದಕ್ಕೆ ನಿಮ್ಮ ಜೊತೆ ಜಗಳಕ್ಕೆ ನಿಂತವರೂ ಸಹಿ ಹಾಕುವಂತಿರಬೇಕು. "ಮೂಲೆಯಲ್ಲಿ ಒದ್ದೆ ಕಲೆ ಇದೆ, ಅಗಲ ಒಂದು ಅಂಗೈ, ಮುಟ್ಟಿದರೆ ತಣ್ಣಗಿದೆ" ಎಂಬುದಕ್ಕೆ ಮೇಲಿನ ಮನೆಯ ಅಕ್ಕನೂ ಸಹಿ ಹಾಕುತ್ತಿದ್ದರು. "ಬಚ್ಚಲಿನ ನೀರು ಇಳಿದಿದೆ" ಎಂಬುದಕ್ಕೆ ಹಾಕುತ್ತಿರಲಿಲ್ಲ. ಅದು ಬಲಬದಿಯ ಮಾತು. ಕೇಳಿದ ಸುದ್ದಿಯನ್ನೂ ಎಡಕ್ಕೇ ಬರೆಯಬಹುದು, 'ಅಂತೆ' ಸಮೇತ, ಯಾರು ಹೇಳಿದರು ಎಂಬುದರ ಸಮೇತ.

ನನ್ನ ಚಾವಣಿಗೆ ಇನ್ನೊಂದು ಉಪಾಯ ಮಾಡಿದೆ. ಏಣಿ ಹಾಕಿ ಹತ್ತಿ, ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಹಾಕಿದೆ. ನಿನ್ನೆಗಿಂತ ದೊಡ್ಡದಾಗಿದೆಯೇ ಎಂಬುದನ್ನು ಮನಸ್ಸಿಗೆ ಬಿಡಬಾರದು. ಸಿಟ್ಟು ಬಂದ ದಿನ ಕಲೆ ದೊಡ್ಡದಾಗಿಯೇ ಕಾಣುತ್ತದೆ.

ಎರಡನೆಯದು: ನಡುವಿನ ಕೊಂಡಿಯನ್ನು ಬಾಯಿಬಿಟ್ಟು ಹೇಳಿ

'ಅನುಮಾನ' ಎಂದರೆ ನಮಗೆ ಇಂದು ಸಂಶಯ. "ಅವನ ಮೇಲೆ ನನಗೆ ಅನುಮಾನ" ಎನ್ನುತ್ತೇವೆ. ನಮ್ಮ ಹಳೆಯ ತರ್ಕವಿದ್ಯೆಯಾದ ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವ ಕ್ರಮ, ಪ್ರತ್ಯಕ್ಷದ ಪಕ್ಕದಲ್ಲಿ ಕೂರಿಸಿದ ಒಂದು ಪ್ರಮಾಣ, ಅಂದರೆ ತಿಳಿಯುವ ದಾರಿ. ಒಂದೇ ಪದಕ್ಕೆ ಈ ಎರಡು ಅರ್ಥಗಳು ಅಂಟಿಕೊಂಡಿರುವುದು ನನಗೆ ಬಹಳ ಇಷ್ಟ. ತೀರ್ಮಾನಕ್ಕೆ ಹೋಗುವವನ ಕೈಯಲ್ಲಿ ಸಂಶಯವೂ ಇರಬೇಕು ಎಂದು ಆ ಪದ ತಾನೇ ಹೇಳುವಂತಿದೆ.

ನೈಯಾಯಿಕರ, ಅಂದರೆ ಆ ಶಾಸ್ತ್ರದವರ, ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಅವರು ಅಲ್ಲಿಗೇ ಬಿಡಲಿಲ್ಲ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ, ಎಂಬ ನಡುವಿನ ಮಾತನ್ನೂ ಹೇಳಲೇಬೇಕು ಎಂದರು. ಅದಕ್ಕೆ ವ್ಯಾಪ್ತಿ ಎಂದು ಹೆಸರು. ಈ ಕೊಂಡಿಯನ್ನು ಹೇಳಿದ ಕೂಡಲೇ ಅದನ್ನು ಎಳೆದು ನೋಡಬಹುದು. ತಿರುಗಿಸಿದರೆ ನಿಲ್ಲುತ್ತದೆಯೇ? ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ, ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಇನ್ನೊಂದು ಪ್ರಶ್ನೆ: ಕಂಡದ್ದು ಹೊಗೆಯೇ ಹೌದೇ, ಮಂಜೇ?

ನನ್ನ ಚಾವಣಿಯ ಕೊಂಡಿ ಏನಿತ್ತು? "ಕಲೆಯ ನೇರ ಮೇಲೆ ಇರುವುದೇ ಕಲೆಗೆ ಕಾರಣ." ಹೀಗೆ ಬಾಯಿಬಿಟ್ಟು ಹೇಳಿದಾಗಲೇ ಅದರ ಬಡತನ ಕಂಡಿತು. ನೀರು ನೇರ ಇಳಿಯಬೇಕೆಂಬ ಕಟ್ಟಳೆಯೇನೂ ಇಲ್ಲ. ಸ್ಲ್ಯಾಬಿನ ಬಿರುಕು ಹಿಡಿದು, ಗೋಡೆಯೊಳಗಿನ ಪೈಪಿನ ಪಕ್ಕದಿಂದ, ಎಲ್ಲಿಂದಲೋ ಬಂದು ಎಲ್ಲಿಯೋ ಕಾಣಿಸಿಕೊಳ್ಳುತ್ತದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನನ್ನು ಕುಡುಕ ಎನ್ನುವವರು ಸುಳಿವಿನಲ್ಲಿ ತಪ್ಪಿರುವುದಿಲ್ಲ. ಮರ ಹೌದು, ಲೋಟ ಹೌದು, ಬಿಳಿ ಬಣ್ಣವೂ ಹೌದು. ಅವರು ತಪ್ಪುವುದು ಕೊಂಡಿಯಲ್ಲಿ.

ಮೂರನೆಯದು: ಒಂದು ಸುಳಿವಿಗೆ ಮೂರು ನಾಲ್ಕು ಕಾರಣ ಬರೆಯಿರಿ, ಪ್ರತಿಯೊಂದರ ಮುಂದೆ ಅದು ಏನು ತೋರಿಸಬೇಕು ಎಂದು ಬರೆಯಿರಿ

ಇದೇ ಇಡೀ ಕೆಲಸದ ನಡುಮಧ್ಯ. ಇಲ್ಲಿ ಅವಸರ ಬೇಡ.

ಮಳೆಗಾಲದ ಮುಂಬೈಯಲ್ಲಿ ಚಾವಣಿ ಒದ್ದೆಯಾಗಲು ನನಗೆ ತೋಚಿದ ದಾರಿಗಳು ಮೂರು. ಒಂದು, ಮೇಲಿನ ಬಚ್ಚಲಿನ ನೆಲ ಅಥವಾ ನೀರು ಹೋಗುವ ಜಾಲರಿಯ ಸುತ್ತ ಸಂದು. ಹಾಗಿದ್ದರೆ ಅವರು ಸ್ನಾನ ಮಾಡಿದ ಮೇಲೆ ಕಲೆ ಹಿಗ್ಗಬೇಕು, ಅವರು ಊರಲ್ಲಿಲ್ಲದಾಗ ನಿಲ್ಲಬೇಕು. ಎರಡು, ಗೋಡೆಯೊಳಗಿನ ನಲ್ಲಿಯ ಪೈಪು. ಹಾಗಿದ್ದರೆ ಮಳೆ ಬರಲಿ ಬಿಡಲಿ, ಯಾರು ಸ್ನಾನ ಮಾಡಲಿ ಬಿಡಲಿ, ಪೈಪಿನಲ್ಲಿ ನೀರಿನ ಒತ್ತಡ ಇರುವಾಗೆಲ್ಲ ಒಸರಬೇಕು. ಮೂರು, ಪಶ್ಚಿಮದ ಹೊರಗೋಡೆಯ ಬಿರುಕು. ಇಲ್ಲಿ ಮಳೆ ಅರಬ್ಬೀ ಸಮುದ್ರದ ಕಡೆಯಿಂದ ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ, ಹಾಗಾಗಿ ಬರಿ ಮಳೆ ಸಾಲದು, ಗಾಳಿಮಳೆಯ ದಿನ ಕಲೆ ಹಿಗ್ಗಬೇಕು.

ಕಲೆ ಮೂರಕ್ಕೂ ಹೊಂದುತ್ತದೆ. ಮೂರಕ್ಕೂ ಹೊಂದುವ ಸುಳಿವು ಯಾವುದನ್ನೂ ಸಾಧಿಸುವುದಿಲ್ಲ. ನಮಗೆ ಬೇಕಾದದ್ದು ಒಂದು ಕಾರಣವನ್ನು ಉಳಿಸಿ ಇನ್ನೊಂದನ್ನು ಅಳಿಸುವ ಸುಳಿವು.

ಇದಕ್ಕೆ ಈ ನಗರದ ಇತಿಹಾಸದಲ್ಲೇ ಒಂದು ದೊಡ್ಡ ಪಾಠವಿದೆ. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಹರಡುತ್ತಿದ್ದ ಜ್ವರ ಗಡ್ಡೆ ಪ್ಲೇಗು ಎಂದು ಗುರುತಿಸಿದವರು ಗೋವಾದಲ್ಲಿ ಹುಟ್ಟಿದ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೇಗಸ್. ಬಂದರಿನ ಧಾನ್ಯದ ಗೋದಾಮುಗಳ ಸುತ್ತ, ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸಾಯುತ್ತಿದ್ದರು. ಅಧಿಕಾರಿಗಳು ನೋಡಿದ್ದು ಕೊಳಕು ಮನೆಗಳಲ್ಲಿ ರೋಗ. ಅವರ ಕೊಂಡಿ: ಕೊಳಕೇ ರೋಗ ತರುತ್ತದೆ. ಚರಂಡಿಗಳಿಗೆ ಕ್ರಿಮಿನಾಶಕ ಸುರಿದರು, ಮನೆಗಳಿಗೆ ಸುಣ್ಣ ಬಳಿದರು, ಸಾಮಾನು ಸುಟ್ಟರು, ಮನೆಮಂದಿಯನ್ನು ಹಿಡಿದು ಬೇರೆ ಶಿಬಿರಗಳಿಗೆ ಸಾಗಿಸಿದರು. ಬಡವರು ಪಟ್ಟ ಪಾಡಿಗೆ ಲೆಕ್ಕವಿಲ್ಲ. ಪ್ಲೇಗು ಮಾತ್ರ ವರ್ಷವರ್ಷವೂ ಮರಳಿತು.

ಕೊಳಕಿನ ಜೊತೆ ಆ ಗೋದಾಮುಗಳಲ್ಲಿ ಇನ್ನೊಂದೂ ಇತ್ತು, ಇಲಿ. ಮನುಷ್ಯರು ಬೀಳುವ ಮೊದಲು ಇಲಿಗಳು ಬೀಳುತ್ತವೆ ಎಂಬುದು ಜನರ ಕಣ್ಣಿಗೆ ಬಿದ್ದಿತ್ತು. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡಿದರು. ಆಗಷ್ಟೇ ಸತ್ತ ಇಲಿಯನ್ನು ಮುಟ್ಟಿದವರಿಗೆ ರೋಗ ಬರುತ್ತಿತ್ತು, ಸತ್ತು ಬಹಳ ಹೊತ್ತಾದ ಇಲಿಯನ್ನು ಎತ್ತಿದವರಿಗೆ ಬರುತ್ತಿರಲಿಲ್ಲ. ಒಂದು ಕಾರಣವನ್ನು ಅಳಿಸುವ ಸುಳಿವು ಎಂದರೆ ಇದು. ರೋಗ ಕೊಳಕಿನಲ್ಲೋ ಇಲಿಯ ಹೆಣದಲ್ಲೋ ಇದ್ದಿದ್ದರೆ ಹಳೆಯ ಹೆಣ ಇನ್ನೂ ಅಪಾಯಕಾರಿ ಆಗಬೇಕಿತ್ತು. ಹೆಣ ತಣ್ಣಗಾದಾಗ ಅದನ್ನು ಬಿಟ್ಟುಹೋಗುವ ಏನೋ ಒಂದು ಇದೆ. ಚಿಗಟ.

1898ರಲ್ಲಿ ಕರಾಚಿಯಲ್ಲಿ ಅವರು ಚಿಗಟವಿದ್ದ ಪ್ಲೇಗಿನ ಇಲಿಯನ್ನು ಗಾಜಿನ ಪಾತ್ರೆಯೊಳಗೆ ಬಿಟ್ಟು, ಅದೇ ಪಾತ್ರೆಯಲ್ಲಿ ಆರೋಗ್ಯವಂತ ಇಲಿಯನ್ನು ಪಂಜರದಲ್ಲಿ ಇಟ್ಟರು. ಒಂದು ಇನ್ನೊಂದನ್ನು ಮುಟ್ಟುವಂತಿರಲಿಲ್ಲ, ಚಿಗಟ ಹಾರಬಹುದಿತ್ತು. ಪಂಜರದ ಇಲಿಗೂ ಪ್ಲೇಗು ತಗಲಿತು. ಚಿಗಟವಿಲ್ಲದ ರೋಗಿ ಇಲಿಯ ಜೊತೆ ಹೀಗೇ ಇಟ್ಟಾಗ ತಗಲಲಿಲ್ಲ. ಆದರೂ ಹಲವರು ವರ್ಷಗಟ್ಟಲೆ ಒಪ್ಪಲಿಲ್ಲ. 1905ರಿಂದ ಮುಂಬೈಯ ಪರೇಲಿನ ಪ್ರಯೋಗಾಲಯದಲ್ಲಿ, ಅಂದರೆ ಇಂದಿನ ಹಾಫ್‌ಕಿನ್ ಸಂಸ್ಥೆಯ ಕಟ್ಟಡದಲ್ಲಿ, ಪ್ಲೇಗು ಆಯೋಗದವರು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ನೆಲದ ಮೇಲಿಟ್ಟ ಗಿನಿಯಿಲಿಗಳಿಗೆ ರೋಗ ಬಂತು. ಚಿಗಟ ಹಾರಲಾರದ ಎತ್ತರಕ್ಕೆ ತೂಗುಹಾಕಿದ ಪಂಜರದವು ಉಳಿದವು. ಗಾಳಿ ಅದೇ, ಕೋಣೆ ಅದೇ, ಕೊಳಕೂ ಅದೇ. ಬೇರೆಯಾದದ್ದು ಎತ್ತರ ಒಂದೇ.

ಪರೇಲಿನ ದಾರಿಯಲ್ಲಿ ಹೋಗುವಾಗ ನನಗೆ ಇವತ್ತಿಗೂ ಆ ತೂಗುಪಂಜರ ನೆನಪಾಗುತ್ತದೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಮೊದಲೇ ಯಾರಾದರೂ ಹುಡುಕಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು!

ಈ ಹೆಜ್ಜೆಯಲ್ಲಿ ಮರೆಯಬಾರದ ಇನ್ನೊಂದು ಮಾತು: ಬಿದ್ದವರನ್ನು ಮಾತ್ರ ಎಣಿಸಬೇಡಿ, ಬೀಳದವರನ್ನೂ ಎಣಿಸಿ. ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ ಮೇಲೆ 1902ರಲ್ಲಿ ದೊಡ್ಡ ಅಪವಾದ ಬಂತು. ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 107 ಜನರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಲಸಿಕೆಯೇ ವಿಷ ಎಂದುಬಿಡುವುದು ಸುಲಭವಿತ್ತು. ಆದರೆ ಸತ್ತ ಅಷ್ಟೂ ಜನಕ್ಕೆ ಹಾಕಿದ ಲಸಿಕೆ ಒಂದೇ ಬಾಟಲಿಯದು. ಬೇರೆ ಬಾಟಲಿಗಳಿಂದ ಹಾಕಿಸಿಕೊಂಡವರು ಬದುಕಿದ್ದರು. ಬದುಕಿದವರನ್ನು ಲೆಕ್ಕಕ್ಕೆ ತಂದ ಮೇಲೆ ಪ್ರಶ್ನೆ "ಲಸಿಕೆಯಲ್ಲಿ ಏನು ತಪ್ಪು" ಎಂಬುದರಿಂದ "ಆ ಬಾಟಲಿಗೆ ಏನಾಯಿತು, ಎಲ್ಲಿ ಆಯಿತು" ಎಂಬುದಕ್ಕೆ ತಿರುಗುತ್ತದೆ. ಹಾಫ್‌ಕಿನ್ ನಿರ್ದೋಷಿ ಎಂದು ಒಪ್ಪಲು ಸರಕಾರಕ್ಕೆ 1907ರವರೆಗೆ ಬೇಕಾಯಿತು.

ನಾಲ್ಕನೆಯದು: ಕೈ ಹಾಕಲು ಸಾಧ್ಯವಿದ್ದರೆ ಒಂದನ್ನೇ ಬದಲಿಸಿ

ಕಾದು ನೋಡುವುದಕ್ಕಿಂತ ಮಾಡಿ ನೋಡುವುದು ಬೇಗ ಉತ್ತರ ಕೊಡುತ್ತದೆ, ಮಾಡುವ ಕ್ರಮ ಸರಿಯಿದ್ದರೆ.

ರಾತ್ರಿಶಾಲೆಯಲ್ಲಿ ನನಗೊಬ್ಬ ವಿದ್ಯಾರ್ಥಿ ಇದ್ದ. ಹಗಲು ಒಂದು ಉಡುಪಿ ಹೋಟೆಲಿನಲ್ಲಿ ಗ್ರೈಂಡರ್ ನೋಡಿಕೊಳ್ಳುವ ಕೆಲಸ. ಒಂದು ಜನವರಿಯಲ್ಲಿ ಮುಖ ಸಣ್ಣ ಮಾಡಿಕೊಂಡು ಬಂದ. "ಮಾಷ್ಟ್ರೇ, ಇಡ್ಲಿ ಹಿಟ್ಟು ಉಬ್ಬುದೇ ಇಲ್ಲ. ಭಟ್ರು ಉದ್ದು ಹಳತು ಅಂತಾರೆ, ಯಜಮಾನ್ರು ನಾನು ರುಬ್ಬಿದ್ದು ಸರಿಯಿಲ್ಲ ಅಂತಾರೆ." ಅವನ ಊಹೆ ಚಳಿ. ಮರುರಾತ್ರಿ ಹೊಸ ಉದ್ದು ತರಿಸಿ ರುಬ್ಬಿ, ಪಾತ್ರೆಯನ್ನು ಬಾಯ್ಲರಿನ ಪಕ್ಕ ಬೆಚ್ಚಗೆ ಇಟ್ಟ. ಬೆಳಿಗ್ಗೆ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಭಟ್ರು "ಉದ್ದು ನೋಡಿದೆಯಾ" ಅಂದರು, ಇವನು "ಬಿಸಿ ನೋಡಿದ್ರಾ" ಅಂದ. ಇಬ್ಬರ ಮಾತನ್ನೂ ತಳ್ಳಿಹಾಕಲು ಆಗುತ್ತಿರಲಿಲ್ಲ, ಏಕೆಂದರೆ ಬದಲಾದದ್ದು ಎರಡು.

ನಾನು ಕಪ್ಪುಹಲಗೆಯ ಮೇಲೆ ನಾಲ್ಕು ಮನೆ ಬರೆದುಕೊಟ್ಟೆ. ಹಳೆ ಉದ್ದು ಕಿಟಕಿಯ ಬಳಿ, ಹಳೆ ಉದ್ದು ಬಾಯ್ಲರಿನ ಬಳಿ, ಹೊಸ ಉದ್ದು ಕಿಟಕಿಯ ಬಳಿ, ಹೊಸ ಉದ್ದು ಬಾಯ್ಲರಿನ ಬಳಿ. ನಾಲ್ಕೂ ಒಂದೇ ಅಳತೆಯ ಸ್ಟೀಲ್ ಡಬ್ಬಿ, ಅಕ್ಕಿ ಅದೇ, ನೀರು ಅದೇ, ಉಪ್ಪು ಅಷ್ಟೇ, ರುಬ್ಬುವವನೂ ಅವನೇ. ಡಬ್ಬಿಯ ಹೊರಗೆ ಹಿಟ್ಟಿನ ಮಟ್ಟಕ್ಕೆ ಗುರುತು. ಬೆಳಿಗ್ಗೆ ಬಾಯ್ಲರಿನ ಬಳಿಯ ಎರಡೂ ಉಬ್ಬಿದ್ದವು, ಕಿಟಕಿಯ ಬಳಿಯ ಎರಡೂ ಹೆಚ್ಚುಕಡಿಮೆ ಹಾಗೇ ಇದ್ದವು. ಬೆಚ್ಚಗಿದ್ದ ಎರಡರಲ್ಲಿ ಹೊಸ ಉದ್ದಿನದು ತುಸು ಮೇಲೆ. ಮುಖ್ಯ ಕಾರಣ ಚಳಿ, ಉದ್ದಿನ ಪಾಲೂ ಸ್ವಲ್ಪ ಇದೆ. ಹಿಟ್ಟು ಹುಳಿಯುವುದು ಸೂಕ್ಷ್ಮಜೀವಿಗಳಿಂದ, ಅವಕ್ಕೆ ಬೆಚ್ಚಗಿನ ಜಾಗ ಬೇಕು ಎಂಬ ಪಾಠ ಅವನಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎರಡು ರಾತ್ರಿ ಪುನಃ ಮಾಡಿ ನೋಡು ಎಂದೆ. ಮಾಡಿದ, ಅದೇ ಬಂತು. ಯಜಮಾನರು ಆ ಮೇಲೆ ಚಳಿಗಾಲದಲ್ಲಿ ಪಾತ್ರೆಗಳ ಜಾಗ ಬದಲಿಸಿದರು.

ಐದನೆಯದು: ಎಣಿಸಿ, ನಾಣ್ಯದ ಜೊತೆ ಹೋಲಿಸಿ

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಗೊತ್ತಿದ್ದೂ ನಾವು ಕಾಗೆಯನ್ನೇ ಹಿಡಿಯುತ್ತೇವೆ. ಒಮ್ಮೆ ಹೊಂದಿದ್ದು ನೆನಪಿನಲ್ಲಿ ಉಳಿಯುತ್ತದೆ, ಹತ್ತು ಸಲ ಹೊಂದದ್ದು ಉಳಿಯುವುದಿಲ್ಲ. ಎಣಿಸುವುದೊಂದೇ ಇದಕ್ಕೆ ಮದ್ದು.

ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ್, ಮೂಢನಂಬಿಕೆಗಳ ವಿರುದ್ಧ ಹೋರಾಡಿದ ನರೇಂದ್ರ ದಾಭೋಳ್ಕರ್ ಮತ್ತು ಸಂಗಡಿಗರು ಜಾತಕದ ಮೇಲೆ ನಡೆಸಿದ ಪರೀಕ್ಷೆ ಇದರ ಒಳ್ಳೆಯ ಮಾದರಿ. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಓದಿನಲ್ಲಿ ಮುಂದಿದ್ದ 100 ಮಕ್ಕಳ, ಬುದ್ಧಿಮಾಂದ್ಯತೆಯಿದ್ದ 100 ಮಕ್ಕಳ ಜಾತಕಗಳನ್ನು ಕಲಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕಳಿಸಿ, ಯಾವುದು ಯಾವ ಗುಂಪಿನದು ಹೇಳಿ ಎಂದರು. 27 ಜನ ಉತ್ತರ ಕಳಿಸಿದರು. ಒಟ್ಟು ಸರಿಯಾದದ್ದು ಶೇಕಡ 46. ಎಲ್ಲರಿಗಿಂತ ಹೆಚ್ಚು ಪಡೆದವರಿಗೆ 40ಕ್ಕೆ 24.

ಆ 24 ಒಂದನ್ನೇ ನೋಡಿದರೆ "ಇವರಿಗೆ ಏನೋ ಗೊತ್ತಿದೆ" ಅನ್ನಿಸುತ್ತದೆ. ಈಗ 27 ಜನರ ಕೈಗೆ ನಾಣ್ಯ ಕೊಟ್ಟು ನಲವತ್ತು ನಲವತ್ತು ಸಲ ಚಿಮ್ಮಿಸಿ. ಅವರಲ್ಲಿ ಮೂರು ನಾಲ್ಕು ಜನಕ್ಕೆ 24 ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವುದನ್ನು ನಿರೀಕ್ಷಿಸಬಹುದು, ಗಣಿತ ಹಾಗೆ ಹೇಳುತ್ತದೆ. ಪರೀಕ್ಷೆ ಮಾಡಿದವರು 28ರ ಗಡಿಯನ್ನು ಮೊದಲೇ ಹಾಕಿಕೊಂಡಿದ್ದರು. ಅಷ್ಟು ಬಂದರೆ ಅದೃಷ್ಟದ ಮಾತು ಬಿಟ್ಟು ಬೇರೆ ಯೋಚಿಸೋಣ ಎಂದು. ಗಡಿಯನ್ನು ಮೊದಲೇ ಹಾಕಿಕೊಳ್ಳುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಫಲ ನೋಡಿದ ಮೇಲೆ ಗಡಿ ಎಳೆದರೆ ಅದು ನಮಗೆ ಬೇಕಾದ ಕಡೆಯೇ ಬೀಳುತ್ತದೆ.

ಎಷ್ಟು ಎಣಿಸಬೇಕು? ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ. ಸಾಕು, ಆದರೆ ಒಂದೇ ಪಾತ್ರೆಯ ಅನ್ನ ಒಂದೇ ಬಿಸಿಯಲ್ಲಿ ಬೇಯುತ್ತದೆ ಎಂಬ ನಂಬಿಕೆಯ ಮೇಲೆ. ಮನುಷ್ಯರು ಒಂದು ಪಾತ್ರೆಯ ಅಗುಳುಗಳಲ್ಲ. "ನಮ್ಮ ಮಾವನಿಗೆ ಈ ಕಷಾಯದಿಂದ ಸಕ್ಕರೆ ಇಳಿಯಿತು" ಎಂಬಲ್ಲಿ ಮಾವ ಒಂದು ಅಗುಳು. ಅವರು ಆ ತಿಂಗಳಲ್ಲೇ ಬೆಳಗಿನ ನಡಿಗೆಯನ್ನೂ ಶುರುಮಾಡಿದ್ದರೇ ಎಂದು ಕೇಳಿ. ವೈದ್ಯರು ಕೊಟ್ಟ ಮಾತ್ರೆಯನ್ನು ಇಂಥ ಒಂದು ಅಗುಳಿನ ಮೇಲೆ ಎಂದೂ ನಿಲ್ಲಿಸಬೇಡಿ.

ಆರನೆಯದು: ಸುಳಿವು ನಿಂತಲ್ಲಿ ನೀವೂ ನಿಲ್ಲಿ

1878ರಲ್ಲಿ ಮುಂಬೈ ಬಂದರಿನಲ್ಲಿ ಪ್ರಿನ್ಸೆಸ್ ಡಾಕ್ ಕಟ್ಟಲು ಅಗೆಯುವಾಗ ಕೆಸರಿನ ಕೆಳಗೆ ಒಂದು ಕಾಡು ಸಿಕ್ಕಿತು. ನೂರಾರು ಮರಗಳ ಬುಡ, ಹೆಚ್ಚಿನವು ಕಾಚಿನ ಮರ, ಹಲವು ನೆಟ್ಟಗೆ ನಿಂತಿದ್ದವು, ಬೇರು ಮಣ್ಣಿನಲ್ಲಿ ಹಿಡಿದೇ ಇತ್ತು. ಸಮುದ್ರದ ಮಟ್ಟಕ್ಕಿಂತ ಕೆಳಗೆ.

ಇದರಿಂದ ಏನು ಹೇಳಬಹುದು? ಮರಗಳು ತೇಲಿ ಬಂದವಲ್ಲ, ಅಲ್ಲೇ ಬೆಳೆದವು, ಬೇರು ಅದನ್ನು ಹೇಳುತ್ತದೆ. ಕಾಚಿನ ಮರ ಒಣನೆಲದ್ದು, ಉಪ್ಪುನೀರಿನಲ್ಲಿ ಬೆಳೆಯದು, ಆದ್ದರಿಂದ ಆ ಜಾಗ ಒಮ್ಮೆ ಒಣನೆಲವಾಗಿರಬೇಕು. ಇಷ್ಟನ್ನು ಗಟ್ಟಿಯಾಗಿ ಹೇಳಬಹುದು. ಮುಂದಿನ ಪ್ರಶ್ನೆ, ನೆಲ ಕುಸಿಯಿತೇ, ಸಮುದ್ರ ಏರಿತೇ? ಮರದ ಬುಡಗಳು ಎರಡಕ್ಕೂ ಒಂದೇ ರೀತಿ ತಲೆಯಾಡಿಸುತ್ತವೆ. ಅದನ್ನು ಬಿಡಿಸಲು ಬೇರೆ ಕಡೆಯ ಸುಳಿವು ಬೇಕು, ಈ ಕಾಡನ್ನೇ ಎಷ್ಟು ದಿಟ್ಟಿಸಿದರೂ ಸಿಗದು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರಿಗೆ ನಿರಾಸೆಯಾಗುತ್ತಿತ್ತು. ನನಗೆ ಇದು ಬಹಳ ಪ್ರಾಮಾಣಿಕವಾದ ಜಾಗ. ಬಲಬದಿಯ ಅಂಕಣದಲ್ಲಿ "ಬೆಳೆದಿದ್ದವು" ಎಂದು ಬರೆದು, ಅದರ ಕೆಳಗೆ "ನೆಲ ಕುಸಿದಿರಬಹುದು, ಅಥವಾ ನೀರು ಏರಿರಬಹುದು" ಎಂದು ಬರೆದು ಪೆನ್ನು ಕೆಳಗಿಡಬೇಕು. 'ಇರಬಹುದು', 'ಇದ್ದೀತು', 'ಇರಬೇಕು', 'ಇದೆ', ನಾಲ್ಕಕ್ಕೂ ತೂಕ ಬೇರೆ. ಸುಳಿವು ಕೊಟ್ಟಷ್ಟೇ ತೂಕದ ಪದವನ್ನು ಆರಿಸಿ.

ಮತ್ತೆ ಚಾವಣಿಗೆ

ಹನ್ನೆರಡು ದಿನ ಬರೆದೆ. ತಾರೀಖು, ಕಲೆಯ ಅಂಚು, ಮಳೆ, ಗಾಳಿಯ ದಿಕ್ಕು. ನಡುವೆ ಐದು ದಿನ ಮೇಲಿನ ಮನೆಯವರು ಮದುವೆಗೆಂದು ಊರಿಗೆ ಹೋದರು. ಆ ಐದರಲ್ಲಿ ಎರಡು ದಿನ ಪಡುವಣ ಗಾಳಿಯ ಜೋರು ಮಳೆ, ಆ ಎರಡೇ ದಿನ ಕಲೆ ಗೆರೆ ದಾಟಿತು. ಸ್ನಾನ ಮಾಡುವವರೇ ಇಲ್ಲದಾಗ ಬಚ್ಚಲಿನ ಮೇಲಿನ ಆರೋಪ ಸಡಿಲಾಯಿತು. ಪೈಪು ಇನ್ನೂ ಉಳಿದಿತ್ತು. ಅಕ್ಕ ಮರಳಿದ ಮೇಲೆ ಕೇಳಿದೆ. ಹೋಗುವಾಗ ಮನೆಯ ಮೇನ್ ವಾಲ್ವ್ ಬಂದ್ ಮಾಡಿ ಹೋಗಿದ್ದರು. ಪೈಪಿನಲ್ಲಿ ಒತ್ತಡವಿಲ್ಲದಾಗಲೂ ಕಲೆ ಹಿಗ್ಗಿತ್ತು, ಹಾಗಾಗಿ ಪೈಪಿನ ಮೇಲಿನ ಆರೋಪವೂ ಸಡಿಲಾಯಿತು. ಅವರೇ ಮುಂದೆ ಬಂದು ಬಚ್ಚಲಿನ ಜಾಲರಿಗೆ ಬಟ್ಟೆ ತುರುಕಿ, ಬಣ್ಣದ ನೀರು ತುಂಬಿಸಿ ಒಂದು ದಿನ ಒಂದು ರಾತ್ರಿ ನಿಲ್ಲಿಸಿದರು. ಕೆಳಗೆ ಒಂದು ಚುಕ್ಕೆಯೂ ಬಣ್ಣ ಇಳಿಯಲಿಲ್ಲ.

ಆ ಮೇಲೆ ನಾವಿಬ್ಬರೂ ಕೆಳಗಿಳಿದು ಹೊರಗೋಡೆ ನೋಡಿದೆವು. ಅವರ ಕಿಟಕಿಯ ಸಜ್ಜದ ಬುಡದಲ್ಲಿ ಅಶ್ವತ್ಥದ ಸಸಿ, ಅದರ ಬೇರಿನ ಗುಂಟ ಬಿರುಕು. ಹೊರಗೋಡೆಯಾದ್ದರಿಂದ ದುರಸ್ತಿ ಕಟ್ಟಡದ ನಿವಾಸಿಗಳ ಸೊಸೈಟಿಯ ಕೆಲಸ. ನೋಟ್‌ಬುಕ್ಕಿನ ಪುಟಗಳನ್ನು ಕಾರ್ಯದರ್ಶಿಯ ಮುಂದಿಟ್ಟಾಗ ವಾದವೇ ಆಗಲಿಲ್ಲ. ಮೇಲಿನ ಮನೆಗೆ ಹೋಗಿ, ಮೊದಲ ದಿನ ನಾನು ಆಡಿದ್ದು ತಪ್ಪು ಮಾತು ಎಂದು ಹೇಳಿ ಬಂದೆ.

ಸೆಪ್ಟೆಂಬರ್ ಕೊನೆಯಲ್ಲಿ ಸಸಿ ಕಿತ್ತು ಬಿರುಕು ಮುಚ್ಚಿದರು. ಅಕ್ಟೋಬರಿನಲ್ಲಿ ಕಲೆ ಒಣಗಿತು. ಸೊಸೈಟಿಯವರು ಕೆಲಸ ಆಯಿತು ಎಂದರು. ಆದರೆ ಅಕ್ಟೋಬರಿನಲ್ಲಿ ಮಳೆಯೂ ನಿಂತಿತ್ತು, ಬಿರುಕು ಮುಚ್ಚದಿದ್ದರೂ ಕಲೆ ಒಣಗುತ್ತಿತ್ತು. ನೋಟ್‌ಬುಕ್ಕಿನ ಬಲಬದಿಯಲ್ಲಿ "ಸರಿಹೋಗಿರಬಹುದು" ಎಂದು ಬರೆದು, ಚಾವಣಿಗೆ ಸುಣ್ಣ ಹೊಡೆಸದೆ, ಕೊನೆಯ ಪೆನ್ಸಿಲ್ ಗೆರೆಯನ್ನು ಹಾಗೇ ಬಿಟ್ಟೆ.

ಮರುವರ್ಷದ ಜೂನ್ ಪೂರ್ತಿ, ಜುಲೈ ಪೂರ್ತಿ ಏಣಿ ಕೋಣೆಯಲ್ಲೇ ಇತ್ತು. ಪಡುವಣ ಗಾಳಿಯ ಮಳೆ ಹನ್ನೊಂದು ದಿನ ಹೊಡೆಯಿತು. ಹನ್ನೊಂದು ಬೆಳಿಗ್ಗೆಯೂ ಹತ್ತಿ ಗೆರೆಯೊಳಗೆ ಬೆರಳಿಟ್ಟು ನೋಡಿದೆ, ಒಣಗಿತ್ತು. ಆಗಸ್ಟಿನಲ್ಲಿ 'ಬಹುದು' ಹೊಡೆದುಹಾಕಿ 'ಸರಿಹೋಗಿದೆ' ಎಂದು ತಿದ್ದಿದೆ, ಪಕ್ಕದಲ್ಲಿ ತಾರೀಖು ಹಾಕಿದೆ.